ಜಠರದ ಹೆಲಿಕೊಬ್ಯಾಕ್ಟರ್ ಸೋಂಕು: ನಿಮಗೆಷ್ಟು ಅಪಾಯ, ಪರೀಕ್ಷೆ ಯಾವಾಗ, ಹೇಗೆ?

ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ, ಹುಳಿತೇಗು ಬರುತ್ತದೆ, ನಡುರಾತ್ರಿ ಮೇಲ್ಹೊಟ್ಟೆಯಲ್ಲಿ ಕೊರೆದಂಥ ನೋವು ಎಬ್ಬಿಸುತ್ತದೆ. ನಮ್ಮಲ್ಲಿ ಬಹುಪಾಲು ಜನ ಇದನ್ನೆಲ್ಲ ಗ್ಯಾಸ್ಟ್ರಿಕ್ ಎಂದು ತಾವೇ ತೀರ್ಮಾನಿಸಿ, ಔಷಧದ ಅಂಗಡಿಯಿಂದ ಪ್ಯಾಂಟೊಪ್ರಜೋಲನ್ನೋ ಒಮೆಪ್ರಜೋಲನ್ನೋ ತಂದು ನುಂಗುತ್ತಾರೆ. ಆಮ್ಲ ಕಡಿಮೆಯಾಗಿ ಕೆಲವು ದಿನ ಹಾಯೆನಿಸುತ್ತದೆ. ಮಾತ್ರೆ ಬಿಟ್ಟರೆ ನೋವು ಮರಳುತ್ತದೆ. ಹೀಗೆ ವರ್ಷಗಟ್ಟಲೆ ಸಾಗಿಸುವವರಲ್ಲಿ ಒಂದಷ್ಟು ಮಂದಿಗೆ ಜಠರದ ಒಳಪದರದಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ನೆಲೆಸಿರುತ್ತದೆ. ಅದನ್ನು ಯಾರೂ ಹುಡುಕಿರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ. ಪೂರ್ಣ ದೇಹ ತಪಾಸಣೆಯ ಪ್ಯಾಕೇಜಿನಲ್ಲಿ ಈ ಬ್ಯಾಕ್ಟೀರಿಯಾದ ವಿರುದ್ಧದ ಪ್ರತಿಕಾಯ (ಆ್ಯಂಟಿಬಾಡಿ) ಪತ್ತೆಯಾಯಿತೆಂದು, ಹೊಟ್ಟೆಯಲ್ಲಿ ಯಾವ ತೊಂದರೆಯೂ ಇಲ್ಲದವರು ಕ್ಯಾನ್ಸರ್ ಬಂದೇಬಿಟ್ಟಿತೆಂದು ನಿದ್ದೆಗೆಡುತ್ತಾರೆ. ಎರಡಕ್ಕೂ ಔಷಧ ಒಂದೇ. ಸೋಂಕು ಎಷ್ಟು ಸಾಮಾನ್ಯ, ಯಾರಿಗೆ ಅದು ಮುಖ್ಯ, ಪರೀಕ್ಷೆಯನ್ನು ಕೆಡಿಸಿಕೊಳ್ಳದೆ ಮಾಡಿಸುವುದು ಹೇಗೆ ಎಂಬುದನ್ನು ಕ್ರಮವಾಗಿ ತಿಳಿದುಕೊಳ್ಳುವುದು.

1. ಸೋಂಕು ಎಷ್ಟು ಜನರಲ್ಲಿದೆ ಎಂಬುದನ್ನು ಮೊದಲು ತಿಳಿಯಿರಿ

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ, 2015ರ ಹೊತ್ತಿಗೆ ಜಗತ್ತಿನ ಸುಮಾರು 440 ಕೋಟಿ ಜನರ ಜಠರದಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ನೈಜೀರಿಯಾದಲ್ಲಿ ಶೇ 88ರಷ್ಟು, ಸ್ವಿಟ್ಜರ್ಲೆಂಡಿನಲ್ಲಿ ಶೇ 19ರಷ್ಟು, ಭಾರತದಲ್ಲಿ ಶೇ 63ರ ಆಸುಪಾಸು. ಅಂದರೆ ಒಂದು ಸಾಮಾನ್ಯ ಮದುವೆಮನೆಯ ಪಂಕ್ತಿಯಲ್ಲಿ ಕುಳಿತ ವಯಸ್ಕರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಸೋಂಕು ಇರಬಹುದು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ.

ಇದು ಹೊಸದಾಗಿ ಬಂದ ರೋಗಾಣುವಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ಶವದ ಹೊಟ್ಟೆಯಲ್ಲೂ ಇದರ ಕುರುಹು ಇತ್ತು. 2016ರಲ್ಲಿ ಅದರ ವಂಶವಾಹಿಯನ್ನು ಓದಿದಾಗ, ಇಂದು ಮಧ್ಯ ಮತ್ತು ದಕ್ಷಿಣ ಏಷ್ಯಾದಲ್ಲಿ ಕಾಣುವ ತಳಿಗೆ ಅದು ಹತ್ತಿರವಿರುವುದು ಕಂಡುಬಂತು. ಮನುಷ್ಯರು ವಲಸೆ ಹೋದಲ್ಲೆಲ್ಲ ಇದೂ ಜೊತೆಗೇ ಹೋಗಿದೆ.

ಇಷ್ಟು ಹಳೆಯ ಸಹವಾಸಿಯನ್ನು ವೈದ್ಯಲೋಕ ಗುರುತಿಸಿದ್ದು ಮಾತ್ರ ತೀರ ಈಚೆಗೆ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಅಷ್ಟು ತೀಕ್ಷ್ಣ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕಲಾರದೆಂದು ನಂಬಿದ್ದ ಕಾಲ ಅದು. ಮಾರ್ಷಲ್ 1984ರಲ್ಲಿ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಹುಣ್ಣಿಗೆ ಚಿಂತೆಯೂ ಖಾರವೂ ಕಾರಣವೆಂದು ನಮ್ಮ ಹಿರಿಯರಿಗೆ ವೈದ್ಯರೇ ಹೇಳುತ್ತಿದ್ದ ದಿನಗಳು ಬಹಳ ಹಿಂದಿನವೇನಲ್ಲ. ಒಗ್ಗದ ಖಾರ ಉರಿಯನ್ನು ಹೆಚ್ಚಿಸಬಹುದು. ಆದರೆ ಹುಣ್ಣುಗಳಿಗೆ ಎರಡು ದೊಡ್ಡ ಕಾರಣಗಳೆಂದರೆ ಈ ಬ್ಯಾಕ್ಟೀರಿಯಾ ಮತ್ತು ನೋವುನಿವಾರಕ ಮಾತ್ರೆಗಳು.

2. ಸೋಂಕು ಬೇರೆ, ರೋಗ ಬೇರೆ

ಸೋಂಕಿರುವ ಪ್ರತಿಯೊಬ್ಬರ ಜಠರದಲ್ಲೂ ಸೂಕ್ಷ್ಮದರ್ಶಕಕ್ಕೆ ಕಾಣುವಷ್ಟಾದರೂ ಉರಿಯೂತ ಇರುತ್ತದೆ. ಆದರೆ ನೂರು ಮಂದಿಯಲ್ಲಿ ಎಂಬತ್ತಕ್ಕೂ ಹೆಚ್ಚು ಜನರಿಗೆ ಜೀವಮಾನವಿಡೀ ಏನೂ ಅನಿಸುವುದಿಲ್ಲ. ಹತ್ತರಿಂದ ಹದಿನೈದು ಮಂದಿಗೆ ಎಂದಾದರೊಮ್ಮೆ ಜಠರದಲ್ಲೋ ಸಣ್ಣಕರುಳಿನ ಆರಂಭದ ಭಾಗದಲ್ಲೋ ಹುಣ್ಣಾಗುತ್ತದೆ. ಜಗತ್ತಿನ ಸರಾಸರಿಯಲ್ಲಿ ಒಬ್ಬರಿಂದ ಮೂವರಿಗೆ ಜಠರದ ಕ್ಯಾನ್ಸರ್ ಬರಬಹುದು. ಈ ಸಂಬಂಧ ಗಟ್ಟಿಯಾದದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲಿ ಈ ಬ್ಯಾಕ್ಟೀರಿಯಾವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿತು.

ಭಾರತದ ಚಿತ್ರ ಮಾತ್ರ ವಿಚಿತ್ರವಾಗಿದೆ. ಸೋಂಕು ಇಷ್ಟು ವ್ಯಾಪಕವಾಗಿದ್ದರೂ ಜಪಾನ್, ಕೊರಿಯಾಗಳಿಗೆ ಹೋಲಿಸಿದರೆ ನಮ್ಮಲ್ಲಿ ಜಠರದ ಕ್ಯಾನ್ಸರ್ ಬಹಳ ಕಡಿಮೆ. ಬ್ಯಾಕ್ಟೀರಿಯಾದ ತಳಿ, ಆಹಾರ, ದೇಹಪ್ರಕೃತಿ ಎಲ್ಲವೂ ಇದರಲ್ಲಿ ಸೇರಿವೆ. ಹಾಗೆಂದು ಇಡೀ ದೇಶ ಸುರಕ್ಷಿತವೂ ಅಲ್ಲ. ಮಿಜೋರಾಂನಲ್ಲಿ, ಅದರಲ್ಲೂ ಐಜ್ವಾಲ್‌ನಲ್ಲಿ, ಜಠರದ ಕ್ಯಾನ್ಸರ್ ದೇಶದಲ್ಲೇ ಅತಿ ಹೆಚ್ಚು. ಅಲ್ಲಿ ಹೊಗೆಯಾಡಿಸಿದ ಮಾಂಸ, ಹುದುಗಿಸಿದ ಹಂದಿ ಕೊಬ್ಬು, ಮತ್ತು ತಂಬಾಕಿನ ಹೊಗೆ ಹಾಯಿಸಿದ ‘ತುಯಿಬುರ್’ ಎಂಬ ನೀರು ಬಳಕೆಯಲ್ಲಿವೆ. ಬೆಂಗಳೂರಿನಲ್ಲೂ ಗಂಡಸರ ಮುಖ್ಯ ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಜಠರ ಬಹುಕಾಲದಿಂದ ಇದೆ. ಆದ್ದರಿಂದ ದೇಶದ ಸರಾಸರಿಯನ್ನು ನಂಬಿ ಕೂರಬೇಡಿ, ನಿಮ್ಮದೇ ಹಿನ್ನೆಲೆಯನ್ನು ನೋಡಿಕೊಳ್ಳಿ.

3. ನಿಮ್ಮ ಬಾಲ್ಯವನ್ನು ನೆನಪಿಸಿಕೊಳ್ಳಿ

ಈ ಸೋಂಕಿನ ಅಪಾಯವನ್ನು ಅಳೆಯಲು ಇವತ್ತಿನ ನಿಮ್ಮ ಹೋಟೆಲ್ ಊಟಕ್ಕಿಂತ ಮೊದಲ ಹತ್ತು ವರ್ಷಗಳ ನಿಮ್ಮ ಮನೆ ಹೆಚ್ಚು ಮುಖ್ಯ. ಬಹುಪಾಲು ಜನರಿಗೆ ಇದು ತಗಲುವುದು ಬಾಲ್ಯದಲ್ಲಿ, ಮನೆಯೊಳಗೆ. ಒಮ್ಮೆ ನೆಲೆಸಿದರೆ ಚಿಕಿತ್ಸೆ ಇಲ್ಲದೆ ತಾನಾಗಿ ಹೋಗುವುದು ಅಪರೂಪ. ವಾಂತಿ, ಮಲ, ಜೊಲ್ಲು, ಇವುಗಳ ಮೂಲಕ ಒಬ್ಬರ ಹೊಟ್ಟೆಯಿಂದ ಇನ್ನೊಬ್ಬರ ಬಾಯಿಗೆ ದಾಟುತ್ತದೆ. ಮಲ ಸೇರಿದ ನೀರಿನಿಂದಲೂ ಬರಬಹುದು.

ಕೆಳಗಿನ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಹತ್ತಿರದಲ್ಲಿದ್ದರೆ ತಾಯಿಯನ್ನೂ ಕೇಳಿ.

- ಒಂದೇ ಕೋಣೆಯಲ್ಲಿ, ಒಂದೇ ಹಾಸಿಗೆಯಲ್ಲಿ ಎಷ್ಟು ಮಕ್ಕಳು ಮಲಗುತ್ತಿದ್ದಿರಿ?
- ಮನೆಯೊಳಗೆ ನಲ್ಲಿ ಇತ್ತೇ, ಅಥವಾ ಕೆರೆ, ತೆರೆದ ಬಾವಿ, ಕಾಲುವೆಯ ನೀರನ್ನು ಕಾಯಿಸದೆ ಕುಡಿಯುತ್ತಿದ್ದಿರೇ?
- ಶೌಚಾಲಯ ಇತ್ತೇ? ಶೌಚದ ನಂತರ ಸಾಬೂನು ಬಳಸುವ ರೂಢಿ ಇತ್ತೇ?
- ತಾಯಿಗೋ ಅಜ್ಜಿಗೋ ಹೊಟ್ಟೆಹುಣ್ಣು ಇತ್ತೇ? ಅವರು ಅನ್ನವನ್ನು ತಮ್ಮ ಬಾಯಲ್ಲಿ ಅಗಿದು ಮಗುವಿಗೆ ತಿನ್ನಿಸುತ್ತಿದ್ದರೇ?
- ಹೆತ್ತವರು, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಬಂದಿದೆಯೇ?

ಮೊದಲ ನಾಲ್ಕು ಪ್ರಶ್ನೆಗಳು ಸೋಂಕು ತಗಲಿರುವ ಸಾಧ್ಯತೆಯನ್ನು ಹೇಳುತ್ತವೆ. ಕೊನೆಯದು ತಗಲಿದ್ದರೆ ಆಗಬಹುದಾದ ಹಾನಿಯನ್ನು ಹೇಳುತ್ತದೆ, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಡಿ.

ಈ ಪ್ರಶ್ನೆಗಳಲ್ಲಿ ಯಾವುದೂ ಯಾರ ತಪ್ಪನ್ನೂ ಹುಡುಕುವುದಿಲ್ಲ. ಇಕ್ಕಟ್ಟಾದ ಮನೆ, ಕೊಳಕು ನೀರು, ಇಲ್ಲದ ಶೌಚಾಲಯ, ಇವೆಲ್ಲ ಬಡತನದ ಗುರುತುಗಳು, ಕುಟುಂಬದ ಕೊಳಕುತನದ ಗುರುತುಗಳಲ್ಲ. ಜಪಾನಿನಲ್ಲಿ ಎರಡನೇ ಮಹಾಯುದ್ಧಕ್ಕೆ ಮೊದಲು ಹುಟ್ಟಿದವರಲ್ಲಿ ಹೆಚ್ಚಿನವರಿಗೆ ಸೋಂಕಿತ್ತು. ನೀರು, ಒಳಚರಂಡಿ, ವಸತಿ ಸುಧಾರಿಸಿದ ಮೇಲೆ ಹುಟ್ಟಿದ ತಲೆಮಾರುಗಳಲ್ಲಿ ಅದು ಇಳಿಯುತ್ತಲೇ ಬಂತು. ನಮ್ಮಲ್ಲೂ ನಗರದ ಅನುಕೂಲಸ್ಥ ಮನೆಗಳ ಮಕ್ಕಳಲ್ಲಿ ಸೋಂಕು ಕಡಿಮೆ. ಇದೇ ಕಾರಣಕ್ಕೆ, ಈಗ ಲಂಡನ್ನಿನಲ್ಲೋ ಟೊರಾಂಟೊದಲ್ಲೋ ನೆಲೆಸಿರುವ ಕನ್ನಡಿಗರ ಅಪಾಯವನ್ನು ಅವರ ಈಗಿನ ವಿಳಾಸ ನೋಡಿ ಅಳೆಯಲಾಗದು. ಹೊಟ್ಟೆಯ ತೊಂದರೆಗೆ ಅಲ್ಲಿನ ವೈದ್ಯರನ್ನು ಕಂಡಾಗ, ಬಾಲ್ಯ ಭಾರತದಲ್ಲಿ ಕಳೆದಿದೆಯೆಂದು ತಾವಾಗಿಯೇ ಹೇಳಬೇಕು.

ದೊಡ್ಡವರಾದ ಮೇಲೆ ತಗಲುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ತಗಲಬಹುದು, ಆದರೆ ಬಾಲ್ಯಕ್ಕೆ ಹೋಲಿಸಿದರೆ ಬಹಳ ಕಡಿಮೆ. ಧೂಮಪಾನ ಸೋಂಕನ್ನು ತರುವುದಿಲ್ಲ. ಆದರೆ ಹುಣ್ಣಾಗುವ, ಕ್ಯಾನ್ಸರ್ ಬರುವ, ಚಿಕಿತ್ಸೆ ವಿಫಲವಾಗುವ ಸಾಧ್ಯತೆಗಳನ್ನೆಲ್ಲ ಹೆಚ್ಚಿಸುತ್ತದೆ. ಅತಿಯಾದ ಉಪ್ಪು ಮತ್ತು ಉಪ್ಪಿನಲ್ಲಿ ಕೂಡಿಟ್ಟ ಆಹಾರ ಸೋಂಕಿತ ಜಠರದಲ್ಲಿ ಕ್ಯಾನ್ಸರಿನ ಅಪಾಯವನ್ನು ಏರಿಸುತ್ತವೆ.

4. ಕಾಯಬಾರದ ಲಕ್ಷಣಗಳನ್ನು ಬೇರ್ಪಡಿಸಿ

ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ದುರ್ವಾಸನೆಯಿಂದ ಹೋಗುತ್ತಿದ್ದರೆ ಅಥವಾ ವಾಂತಿಯಲ್ಲಿ ರಕ್ತವೋ ಕಾಫಿಪುಡಿಯ ಬಣ್ಣದ ಚೂರುಗಳೋ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ಇರಿದಂಥ ನೋವು ಬಂದು ಹೊಟ್ಟೆ ಬಿಗಿದುಕೊಂಡರೂ ಹಾಗೆಯೇ, ಹುಣ್ಣು ತೂತಾಗಿರಬಹುದು. ಎದೆಯ ಮಧ್ಯೆ ಒತ್ತಿದಂತಾಗಿ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ. ಅದು ಹೃದಯಾಘಾತವಾಗಿರಬಹುದು, ಮೊದಲು ಇಸಿಜಿ ಆಗಬೇಕು. ಈ ಒಂದು ವಿಷಯದಲ್ಲಿ ನಮ್ಮ ಊರುಗಳಲ್ಲಿ ಎಷ್ಟೋ ಜೀವಗಳು ಸುಮ್ಮನೆ ಹೋಗುತ್ತಿವೆ.

ತೂಕ ಇಳಿಯುತ್ತಿರುವುದು, ನುಂಗಲು ಕಷ್ಟವಾಗುವುದು, ಪದೇ ಪದೇ ವಾಂತಿ, ಕಾರಣ ತಿಳಿಯದ ರಕ್ತಹೀನತೆ, ನಡುವಯಸ್ಸಿನ ನಂತರ ಮೊದಲ ಬಾರಿಗೆ ಶುರುವಾದ ಅಜೀರ್ಣ, ಇವುಗಳಿಗೆ ಈ ಸೋಂಕನ್ನು ಹುಡುಕುವ ಉಸಿರಿನ ಪರೀಕ್ಷೆಯಷ್ಟೇ ಸಾಲದು. ನೇರವಾಗಿ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ಜಠರವನ್ನು ನೋಡುವುದು) ಬಗ್ಗೆ ವೈದ್ಯರೊಂದಿಗೆ ಮಾತನಾಡಿ.

5. ಪರೀಕ್ಷೆ ನಿಮಗೆ ಬೇಕೇ ಎಂದು ತೀರ್ಮಾನಿಸಿ

ಸಾಮಾನ್ಯ ನಿಯಮ ಸರಳ. ಸೋಂಕು ಸಿಕ್ಕಿದರೆ ಚಿಕಿತ್ಸೆ ಮಾಡುವ ಉದ್ದೇಶವಿದ್ದರೆ ಮಾತ್ರ ಪರೀಕ್ಷಿಸಬೇಕು. ಈಗ ಹುಣ್ಣು ಇರುವವರು, ಹಿಂದೆ ಹುಣ್ಣಾಗಿ ಬ್ಯಾಕ್ಟೀರಿಯಾದ ಪರೀಕ್ಷೆಯೇ ಆಗದವರು, ವಾರಗಟ್ಟಲೆ ಮೇಲ್ಹೊಟ್ಟೆ ನೋವಿನಿಂದ ಬಳಲುತ್ತಿರುವವರು, ಹೆತ್ತವರು ಅಥವಾ ಒಡಹುಟ್ಟಿದವರಲ್ಲಿ ಜಠರದ ಕ್ಯಾನ್ಸರ್ ಕಂಡವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಬ್ಬಿಣಾಂಶದ ಕೊರತೆಗೆ ಬೇರೆ ಕಾರಣ ಸಿಗದಿದ್ದರೆ, ರೋಗನಿರೋಧಕ ವ್ಯವಸ್ಥೆಯ ಏರುಪೇರಿನಿಂದ ಪ್ಲೇಟ್‌ಲೆಟ್ ಇಳಿಯುವ ಕಾಯಿಲೆಯಿದ್ದರೆ ಕೂಡ.

ಇನ್ನೊಂದು ಗುಂಪನ್ನು ನಮ್ಮಲ್ಲಿ ಹೆಚ್ಚಾಗಿ ಮರೆಯುತ್ತಾರೆ. ಮಂಡಿನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳನ್ನು ದೀರ್ಘಕಾಲ ನುಂಗಬೇಕಾದ ಹಿರಿಯರು, ಹೃದಯಕ್ಕಾಗಿ ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು. ಈ ಮಾತ್ರೆಗಳೂ ಬ್ಯಾಕ್ಟೀರಿಯಾವೂ ಸೇರಿದರೆ ಹುಣ್ಣಿನಿಂದ ರಕ್ತಸ್ರಾವವಾಗುವ ಅಪಾಯ ಎರಡರಲ್ಲಿ ಒಂದೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು. ಮನೆಯಲ್ಲಿ ಇಂಥ ಹಿರಿಯರಿದ್ದರೆ ವೈದ್ಯರಿಗೆ ನೀವೇ ನೆನಪಿಸಿ. ಆದರೆ ಹೃದಯದ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ಎದೆಯುರಿ, ಮಲಗಿದಾಗ ಹುಳಿನೀರು ಗಂಟಲಿಗೆ ಬರುವುದು, ಇವುಗಳಿಗೆ ಈ ಸೋಂಕು ಕಾರಣವಲ್ಲ. ಬ್ಯಾಕ್ಟೀರಿಯಾ ಹೋದರೂ ಅವು ಉಳಿಯಬಹುದು. ಹುಣ್ಣಿಲ್ಲದ ಅಜೀರ್ಣದಲ್ಲಿಯೂ ನಿರೀಕ್ಷೆಯನ್ನು ಹದದಲ್ಲಿಡಿ. ಸೋಂಕನ್ನು ತೆಗೆದಾಗ ಆ ಕಾರಣದಿಂದಲೇ ಪೂರ್ಣ ಗುಣವಾಗುವುದು ಸುಮಾರು ಹನ್ನೆರಡರಿಂದ ಹದಿನಾಲ್ಕು ಜನರಲ್ಲಿ ಒಬ್ಬರಿಗೆ. ಹುಣ್ಣಿನ ವಿಷಯ ಹಾಗಲ್ಲ. ಬ್ಯಾಕ್ಟೀರಿಯಾವನ್ನು ಬಿಟ್ಟು ಬರಿಯ ಪ್ಯಾಂಟೊಪ್ರಜೋಲ್‌ನಂಥ ಆಮ್ಲತಡೆ ಮಾತ್ರೆಯಿಂದ ವಾಸಿಮಾಡಿದ ಹುಣ್ಣು ಅರ್ಧಕ್ಕಿಂತ ಹೆಚ್ಚು ಜನರಲ್ಲಿ ವರ್ಷದೊಳಗೆ ಮರುಕಳಿಸುತ್ತದೆ. ಬ್ಯಾಕ್ಟೀರಿಯಾ ನಿರ್ಮೂಲವಾದರೆ ಮರುಕಳಿಸುವುದು ಅಪರೂಪ.

6. ಸರಿಯಾದ ಪರೀಕ್ಷೆ ಆರಿಸಿ, ಅದನ್ನು ಕೆಡಿಸಬೇಡಿ

ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಈಗ ಸೋಂಕಿದೆಯೇ ಎಂದು ಹೇಳುವುದಿಲ್ಲ. ಬ್ಯಾಕ್ಟೀರಿಯಾ ಹೋದ ಮೇಲೂ ಪ್ರತಿಕಾಯಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತವೆ. ಅದೊಂದನ್ನೇ ನಂಬಿ ಆ್ಯಂಟಿಬಯಾಟಿಕ್ ಶುರುಮಾಡಬೇಡಿ.

ಉಸಿರಿನ ಪರೀಕ್ಷೆ ಚೆನ್ನಾಗಿದೆ. ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು ತನ್ನ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಅದು ಬದುಕಿ ಉಳಿದಿರುವುದೇ ಇದರಿಂದ. ಗುರುತುಹಚ್ಚಿದ ಕಾರ್ಬನ್ ಇರುವ ಯೂರಿಯಾವನ್ನು ನೀವು ಕುಡಿದ ಸ್ವಲ್ಪ ಹೊತ್ತಿನಲ್ಲಿ, ಸೋಂಕಿದ್ದರೆ ಆ ಕಾರ್ಬನ್ ಉಸಿರಿನಲ್ಲಿ ಹೊರಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಕಾರ್ಬನ್-13 ಬಳಸಿದರೆ ವಿಕಿರಣವೇ ಇಲ್ಲ. ಕಾರ್ಬನ್-14ರಲ್ಲಿ ತೀರ ಅಲ್ಪ ವಿಕಿರಣವಿದೆ, ಹಾಗಾಗಿ ಗರ್ಭಿಣಿಯರಿಗೆ, ಮಕ್ಕಳಿಗೆ ಬೇಡ. ಉಸಿರಿನ ಪರೀಕ್ಷೆ ಸಿಗದ ಊರಿನಲ್ಲಿ ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವ ಆ್ಯಂಟಿಜೆನ್ ಪರೀಕ್ಷೆ ಅಷ್ಟೇ ನಂಬಲರ್ಹ. ಎಂಡೋಸ್ಕೋಪಿ ಮಾಡುವಾಗ ಜಠರದ ಚೂರನ್ನು ತೆಗೆದು ನೋಡುವುದು (ಬಯಾಪ್ಸಿ) ಮೂರನೆಯ ದಾರಿ.

ಪರೀಕ್ಷೆ ಹಾಳಾಗುವುದು ಹೆಚ್ಚಾಗಿ ಸಿದ್ಧತೆಯಲ್ಲಿ. ಪ್ಯಾಂಟೊಪ್ರಜೋಲ್, ರೇಬೆಪ್ರಜೋಲ್, ಎಸೊಮೆಪ್ರಜೋಲ್ ಬಗೆಯ ಮಾತ್ರೆಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅಡಗಿಸಿಬಿಡುತ್ತವೆ. ಸೋಂಕಿದ್ದರೂ ಇಲ್ಲವೆಂದು ವರದಿ ಬರುತ್ತದೆ. ಆದ್ದರಿಂದ ವೈದ್ಯರ ಒಪ್ಪಿಗೆ ಪಡೆದು ಈ ಮಾತ್ರೆಗಳನ್ನು ಪರೀಕ್ಷೆಗೆ 2 ವಾರ ಮೊದಲು ನಿಲ್ಲಿಸಿ. ಯಾವುದೇ ಆ್ಯಂಟಿಬಯಾಟಿಕ್ ಅಥವಾ ಬಿಸ್ಮತ್ ಎಂಬ ಲೋಹಾಂಶವಿರುವ ಹೊಟ್ಟೆಯ ಔಷಧ ತೆಗೆದುಕೊಂಡಿದ್ದರೆ 4 ವಾರ ಕಾಯಿರಿ. ನಡುವೆ ಉರಿ ತಡೆಯದಿದ್ದರೆ ಸಾದಾ ಆ್ಯಂಟಾಸಿಡ್ ದ್ರವ ಸಾಕಾಗಬಹುದು, ವೈದ್ಯರನ್ನು ಕೇಳಿ. ಇತ್ತೀಚೆಗೆ ಹುಣ್ಣಿನಿಂದ ರಕ್ತ ಸೋರಿದವರು ಈ ಮಾತ್ರೆಗಳನ್ನು ತಾವಾಗಿ ನಿಲ್ಲಿಸಲೇಬಾರದು. ಅವರಲ್ಲಿ ಮೊದಲ ಪರೀಕ್ಷೆ ಸೋಂಕಿಲ್ಲ ಎಂದರೂ ಮುಂದೆ ಇನ್ನೊಮ್ಮೆ ನೋಡಬೇಕಾಗುತ್ತದೆ.

7. ಚಿಕಿತ್ಸೆಗೆ ಮೊದಲು ಹಳೆಯ ಚೀಟಿಗಳನ್ನು ಹುಡುಕಿ

ಇದನ್ನು ಒಂದು ಆ್ಯಂಟಿಬಯಾಟಿಕ್‌ನಿಂದ ಓಡಿಸಲಾಗದು. ಸಾಮಾನ್ಯವಾಗಿ 14 ದಿನ ಹಲವು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ಈಗ ಹೆಚ್ಚಾಗಿ ಶಿಫಾರಸಾಗುವುದು ನಾಲ್ಕರ ಕೂಟ: ಆಮ್ಲತಡೆ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ಹಿಂದೆ ಎಲ್ಲೆಡೆ ಬರೆಯುತ್ತಿದ್ದ ಕ್ಲಾರಿತ್ರೊಮೈಸಿನ್ ಕೂಟ ಅನೇಕ ಕಡೆ ಸೋಲುತ್ತಿದೆ, ಏಕೆಂದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತಿಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ಗಂಟಲು ಕೆರೆದರೆ ಅಜಿತ್ರೊಮೈಸಿನ್, ಭೇದಿಯಾದರೆ ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿದ ಮಾತ್ರೆ, ಚೀಟಿಯಿಲ್ಲದೆ ಕೈಗೆ ಬರುತ್ತವೆ. ಅಜಿತ್ರೊಮೈಸಿನ್ ಕ್ಲಾರಿತ್ರೊಮೈಸಿನ್‌ನ ಕುಲದ್ದು, ಆರ್ನಿಡಜೋಲ್ ಮೆಟ್ರೊನಿಡಜೋಲ್‌ನ ಕುಲದ್ದು. ಪ್ರತಿ ಬಾರಿ ನುಂಗಿದಾಗಲೂ ಜಠರದಲ್ಲಿ ಕುಳಿತ ಹೆಲಿಕೊಬ್ಯಾಕ್ಟರ್‌ಗೆ ಆ ಔಷಧದ ಪರಿಚಯವಾಗುತ್ತದೆ. ಆದ್ದರಿಂದ ಕಳೆದ ಕೆಲವು ವರ್ಷಗಳಲ್ಲಿ ನೀವು ನುಂಗಿದ ಆ್ಯಂಟಿಬಯಾಟಿಕ್‌ಗಳ ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ. ಸರಿಯಾದ ಕೂಟ ಆರಿಸಲು ಅವರಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ. ಪೆನಿಸಿಲಿನ್ ಅಲರ್ಜಿ, ಗರ್ಭ, ಎದೆಹಾಲು ಕುಡಿಸುತ್ತಿರುವುದು, ರಕ್ತ ತೆಳುವಾಗಿಸುವ ಮಾತ್ರೆ, ಇವನ್ನೂ ಹೇಳಿ.

ಆಮ್ಲತಡೆ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿ. ಟೆಟ್ರಾಸೈಕ್ಲಿನ್ ಜೊತೆ ಹಾಲು, ಮೊಸರು, ಮಜ್ಜಿಗೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಬೇಡ, ಅವು ಔಷಧವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ, ಕನಿಷ್ಠ ಎರಡು ಗಂಟೆ ಅಂತರವಿರಲಿ. ಮೆಟ್ರೊನಿಡಜೋಲ್ ಇರುವಷ್ಟು ದಿನ ಮದ್ಯ ಮುಟ್ಟಬೇಡಿ. ಬಾಯಿ ಲೋಹದ ರುಚಿಯಾಗುವುದು, ಬಿಸ್ಮತ್‌ನಿಂದ ನಾಲಿಗೆ ಮತ್ತು ಮಲ ಕಪ್ಪಾಗುವುದು (ಡಾಂಬರಿನಂತೆ ಅಂಟಂಟಾಗಿ ಅಲ್ಲ) ನಿರೀಕ್ಷಿತವೇ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಮೈಮೇಲೆ ದದ್ದು, ಮುಖದ ಊತ, ಉಸಿರಾಟದ ಕಷ್ಟ ಕಂಡರೆ ಮಾತ್ರ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಐದನೇ ದಿನ ನೋವು ಹೋಯಿತೆಂದು ಅರ್ಧಕ್ಕೆ ಬಿಡುವುದೇ ಚಿಕಿತ್ಸೆ ಸೋಲಲು ದೊಡ್ಡ ಕಾರಣಗಳಲ್ಲೊಂದು.

8. ನಿಜವಾಗಿ ಹೋಯಿತೇ ಎಂದು ನೋಡಿ

ನೋವು ಹೋಗುವುದಕ್ಕೂ ಬ್ಯಾಕ್ಟೀರಿಯಾ ಹೋಗುವುದಕ್ಕೂ ನೇರ ಸಂಬಂಧವಿಲ್ಲ. ಚಿಕಿತ್ಸೆ ಮುಗಿದು ಕನಿಷ್ಠ 4 ವಾರಗಳ ನಂತರ, ಆಮ್ಲತಡೆ ಮಾತ್ರೆ ನಿಲ್ಲಿಸಿ 2 ವಾರವಾದ ಮೇಲೆ, ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಈ ಹೆಜ್ಜೆಯನ್ನೇ ಅತಿ ಹೆಚ್ಚು ಜನ ಬಿಟ್ಟುಬಿಡುತ್ತಾರೆ. ವೈದ್ಯರು ಹೇಳದಿದ್ದರೆ ನೀವೇ ಕೇಳಿ. ಬ್ಯಾಕ್ಟೀರಿಯಾ ಉಳಿದಿದ್ದರೆ ಮೊದಲು ಬಳಸಿದ ಕೂಟವನ್ನೇ ಮತ್ತೆ ಬಳಸದೆ ಬೇರೆಯದನ್ನು ಆರಿಸುತ್ತಾರೆ. ಹಾಗಾಗಿ ಮೊದಲ ಚೀಟಿಯನ್ನು ಜೋಪಾನವಾಗಿಡಿ. ಬಯಾಪ್ಸಿ ವರದಿಯಲ್ಲಿ ಜಠರದ ಪದರ ಸವೆದಿದೆಯೆಂದೋ ಅದು ಕರುಳಿನ ಪದರದ ರೂಪ ತಾಳಿದೆಯೆಂದೋ ಬರೆದಿದ್ದರೆ, ಬ್ಯಾಕ್ಟೀರಿಯಾ ಹೋದರೂ ಮುಂದೆ ಎಂಡೋಸ್ಕೋಪಿ ಯಾವಾಗ ಬೇಕೆಂದು ಕೇಳಿ ಬರೆಸಿಕೊಳ್ಳಿ.

9. ಮನೆಯವರ ವಿಷಯ

ಒಬ್ಬರಲ್ಲಿ ಸೋಂಕು ಸಿಕ್ಕಿತೆಂದು ಅವರ ತಟ್ಟೆ ಲೋಟ ಬೇರೆ ಮಾಡಿ ದೂರವಿಡುವ ಅಗತ್ಯವಿಲ್ಲ. ಬಹುಶಃ ಅವರು ದಶಕಗಳಿಂದ ಸೋಂಕು ಹೊತ್ತೇ ನಿಮ್ಮೊಂದಿಗೆ ಉಂಡಿದ್ದಾರೆ. ಜೊತೆಗಿರುವ ವಯಸ್ಕರು ತಮಗೆ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬಹುದು. ಮಕ್ಕಳಿಗೆ ಹೊಟ್ಟೆನೋವೆಂದ ಮಾತ್ರಕ್ಕೆ ಈ ಪರೀಕ್ಷೆ ಬೇಡ, ಹುಣ್ಣಿನ ಅನುಮಾನವಿದ್ದಾಗ ಮಾತ್ರ ಮಕ್ಕಳ ತಜ್ಞರು ಎಂಡೋಸ್ಕೋಪಿ ಮೂಲಕ ನೋಡುತ್ತಾರೆ. ಮುಂದಿನ ತಲೆಮಾರಿಗೆ ತಗಲದಂತೆ ಮಾಡಬಹುದಾದದ್ದು ಬಹಳವಿದೆ. ಮಗುವಿಗೆ ತುತ್ತನ್ನು ಅಗಿದು ಕೊಡುವ ಬದಲು ಕೈಯಲ್ಲಿ ಕಿವುಚಿ ಕೊಡಿ. ಶೌಚದ ನಂತರ, ಅಡುಗೆಗೆ ಮೊದಲು, ಮಗುವಿನ ವಾಂತಿ ಭೇದಿ ಒರೆಸಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ನೀರನ್ನು ಕುದಿಸಿ ಕುಡಿಯಿರಿ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ಜನರನ್ನು ಸಾಮೂಹಿಕವಾಗಿ ಪರೀಕ್ಷಿಸಿ ಚಿಕಿತ್ಸೆ ಕೊಟ್ಟಾಗ ಮುಂದಿನ ವರ್ಷಗಳಲ್ಲಿ ಜಠರದ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮಲ್ಲಿ ಅಂಥ ಯೋಜನೆ ಇಲ್ಲದಿರುವುದರಿಂದ, ಕುಟುಂಬದಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಬಂದಿದ್ದರೆ ಅವರ ಒಡಹುಟ್ಟಿದವರಿಗೂ ವಯಸ್ಸಿಗೆ ಬಂದ ಮಕ್ಕಳಿಗೂ ಈ ವಿಷಯವನ್ನು ನೀವೇ ಹೇಳಿ ಪರೀಕ್ಷೆಗೆ ಕಳಿಸಿ, ಅವರಿಗೆ ಈಗ ಹೊಟ್ಟೆಯಲ್ಲಿ ಯಾವ ನೋವೂ ಇಲ್ಲದಿದ್ದರೂ ಸರಿಯೇ.